ಗಾದಿ ಏರಿದ ಬಸಣ್ಣ

ಗೆಳೆಯರೇ, ಉಪಕಾರ ಮಾಡಲೂ ಬುದ್ಧಿ ಬೇಕೆಂದು ಇವತ್ತು ಗೊತ್ತಾಯಿತು.

ಬಸವಕಲ್ಯಾಣದ ನನ್ನ ಬಟ್ಟೆ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಬಟ್ಟೆ ಅಳೆದು ಕೊಡುವವನು ಬಸಣ್ಣ. ಹೊಟ್ಟೆಯ ಕ್ಯಾನ್ಸರಿಗೆ ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿಸಿಕೊಂಡವನು ಇವತ್ತು ಕೆಲಸಕ್ಕೆ ಮರಳಿದ. ಮೀಟರು ಬಂದರೂ ನಾವು ಗಜ ಎಂದೇ ಕರೆಯುವ ಅಳತೆಗೋಲನ್ನು ಅವನ ಕೈಯಿಂದ ಕಿತ್ತುಕೊಂಡು, ನನ್ನ ಗಾದಿಯ ಮೇಲೆ ಲೋಡುದಿಂಬಿಗೆ ಒರಗಿಸಿ ಕೂರಿಸಿದೆ.

"ಸುಮ್ಮ ಕೂಡಪ್ಪ. ಏನೂ ಮಾಡಬ್ಯಾಡ."

ಸುದ್ದಿ ಹಬ್ಬಿತು. ಸೀರೆಗೆಂದು ಬಂದವರೆಲ್ಲ ಗಾದಿಯ ಮುಂದೆ ಕೂತು ಕಣ್ಣೊರೆಸಿಕೊಂಡರು, ಒಬ್ಬೊಬ್ಬರೂ ಒಂದೊಂದು ಬೇರಿನ ಔಷಧಿ ಹೇಳಿದರು, ಏನೂ ಕೊಳ್ಳದೆ ಎದ್ದು ಹೋದರು. ಮಧ್ಯಾಹ್ನಕ್ಕೆ ಬಸಣ್ಣ ಎದ್ದು ನಿಂತ.

"ಸಾವ್ಕಾರ್ರ, ಗಜ ಹಿಡದ್ರ ಮಂದಿ ಬಟ್ಟಿ ನೋಡ್ತಾರ್ರಿ. ಇಲ್ಲಿ ಕುಂತ್ರ ನನ್ನ ಮಾರಿ ನೋಡಾಕತ್ತಾರ."

"ಹಂಗಾರ ನಿನಗ ಏನ್ ಬೇಕು?"

"ಈಗ ಕೇಳಿದ್ರಿ ನೋಡ್ರಿ. ಸುಸ್ತಾದ್ರ ಕೂಡಾಕ ಒಂದು ಸ್ಟೂಲು, ದವಾಖಾನಿಗಿ ಹೋಗೋ ದಿನ ರಜಾ. ಅಷ್ಟ ಸಾಕ್ರಿ."

ಎರಡಕ್ಕೂ ಒಪ್ಪಿ, ಗಜವನ್ನೂ ಕೊಟ್ಟು, ನಾನು ಗಾದಿಗೆ ಮರಳಿದೆ. ಅಷ್ಟರಲ್ಲಿ ಮುಡಬಿಯ ಅಜ್ಜಿಯೊಬ್ಬಳು ಬಂದಳು. ಈ ಅಂಗಡಿಯಲ್ಲಿ ಗಾದಿ ಮೇಲೆ ಕೂತವನಿಗೆ ದೊಡ್ಡ ರೋಗ ಎಂದಷ್ಟೇ ಬಸ್ಸಿನಲ್ಲಿ ಕೇಳಿದ್ದಳಂತೆ. ಬಸಣ್ಣ ಅಳೆದುಕೊಟ್ಟ ಕುಬುಸದ ಖಣ ಹಿಡಿದು ನನ್ನನ್ನೇ ದಿಟ್ಟಿಸಿದಳು.

"ಎಷ್ಟ್ ಸೊರಗೀರಿ ಸಾವ್ಕಾರ್ರ. ನಿಮ್ಮ ಆಳು ನೋಡ್ರಿ, ಹ್ಯಾಂಗ ಗಟ್ಟಿ ಅದಾನ."

ಬಸಣ್ಣ ಇನ್ನೂ ನಗುತ್ತಿದ್ದಾನೆ. ನಾಳೆಯಿಂದ ನಾನೂ ಸ್ಟೂಲಿನ ಮೇಲೆಯೇ.