ಮೈಕಣ್ಣನ ಧ್ವನಿ ಬಾಡಿಗೆಗಿಲ್ಲ

ಮೈಕಿನ ಗುಂಡಿ ಒತ್ತಿ ಒತ್ತಿ ಅವರ ಬಲಗೈ ಹೆಬ್ಬೆರಳಿನ ತುದಿ ದಪ್ಪಗಟ್ಟಿತ್ತು. ಯಕ್ಷಗಾನ, ನಾಟಕ ಎಲ್ಲೇ ಇರಲಿ, ಕಾರಿನ ಮೇಲೆ ಎರಡು ಹಾರ್ನ್ ಸ್ಪೀಕರು ಕಟ್ಟಿಸಿಕೊಂಡು ಊರೂರಿಗೆ ಸಾರಿ ಬರುವುದು ಅವರ ಕಸುಬು. ನಮಗೆಲ್ಲ ಅವರು ಮೈಕಣ್ಣ. ಕೋಟೇಶ್ವರದಲ್ಲಿ ನನ್ನದೊಂದು ರೆಕಾರ್ಡಿಂಗ್ ಸ್ಟುಡಿಯೋ ಇದೆ. ಅವರ ಧ್ವನಿ ಹಿಡಿಯುತ್ತಲೇ ನಾನು ಕೆಲಸ ಕಲಿತದ್ದು.

ಸಂಘಟಕರು ಬರೆದುಕೊಟ್ಟ ಚೀಟಿಯನ್ನು ಒಮ್ಮೆ ನೋಡಿ ಜೇಬಿಗಿಳಿಸುತ್ತಿದ್ದರು, ಅಷ್ಟೇ. ಗಂಗೊಳ್ಳಿ ಬಂದರಿನಲ್ಲಿ ಮೀನು ಮಾರುವ ಹೆಂಗಸರನ್ನು ಕಂಡರೆ, "ಹ್ವಾಯ್ ಅಕ್ಕ, ಬುಟ್ಟಿ ಖಾಲಿ ಆಯ್ತಾ? ಹಂಗಾರ್ ಸಂಜಿಗ್ ಹೆಮ್ಮಾಡಿಗ್ ಬನಿ, ನಾಟ್ಕ ಇತ್ತ್" ಎನ್ನುವರು. ಆ ಹೆಂಗಸರೂ ಬಿಡುತ್ತಿರಲಿಲ್ಲ, ಮೊದಲು ನಿನ್ನ ಹೆಂಡತಿಯನ್ನು ಕರೆದುಕೊಂಡು ಬಾ ಎಂದು ಕಾಲೆಳೆಯುತ್ತಿದ್ದರು.

ಕಂಪ್ಯೂಟರಿಗೆ ಯಾರ ಧ್ವನಿ ಬೇಕಾದರೂ ಕಲಿಸಬಹುದು ಎಂದಾದಾಗ ನಾನು ಹುರುಪಿನಿಂದ ಅವರ ಬಳಿ ಹೋದೆ. ನೀವು ಮನೆಯಲ್ಲಿ ಆರಾಮ ಕೂತಿರಿ, ನಾನು ಟೈಪ್ ಮಾಡಿದರೆ ಸಾಕು, ನಿಮ್ಮ ಧ್ವನಿ ಊರೆಲ್ಲ ತಿರುಗುತ್ತದೆ ಎಂದೆ.

"ಅದ್ಕೆ ಎಲ್ಲಿ ಬಾಯಿ ಮುಚ್ಕಣ್ಕ್ ಅಂದೇಳಿ ಗೊತಿತ್ತಾ ಮಾರಾಯ?" ಎಂದು ಕೇಳಿ, ಒಲ್ಲೆ ಎಂದರು.

ಹಠಮಾರಿ ಮುದುಕ ಎಂದು ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಬೇರೊಂದು ಕಂಪ್ಯೂಟರ್ ಧ್ವನಿಯಲ್ಲಿ ಒಂದು ನಗೆನಾಟಕದ ಪ್ರಚಾರ ಮಾಡಿಕೊಟ್ಟೆ. ಬೈಂದೂರು ಕಡೆ ಒಂದು ಮನೆಯ ಅಂಗಳದಲ್ಲಿ ಹೆಣ ಮಲಗಿಸಿದ್ದರು. ಹೊಟ್ಟೆ ಹುಣ್ಣಾಗುವಷ್ಟು ನಗಲು ಬನ್ನಿ ಎಂದು ಕೂಗುತ್ತ ಕಾರು ಅದರ ಮುಂದೆಯೇ ಹಾದುಹೋಯಿತು. ಚಾಲಕ ಆಫ್ ಮಾಡುವಷ್ಟರಲ್ಲಿ ಜನ ಅಡ್ಡಗಟ್ಟಿದ್ದರು.

ಕ್ಷಮೆ ಕೇಳಲು ನನ್ನ ಜೊತೆ ಬಂದವರು ಮೈಕಣ್ಣ. ಸಾವಿನ ಮನೆ ಕಂಡರೆ ಅರ್ಧ ಮಾತಿನಲ್ಲೇ ಗುಂಡಿಯಿಂದ ಬೆರಳು ತೆಗೆಯುತ್ತಿದ್ದವರು, ನನ್ನ ತಪ್ಪಿಗೆ ಆ ಅಂಗಳದಲ್ಲಿ ತಲೆ ತಗ್ಗಿಸಿ ನಿಂತರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ತಿಂಗಳು ಕಳೆಯುವ ಮುಂಚೆಯೇ ಸಂಘಟಕರೊಬ್ಬರು ಸ್ಟುಡಿಯೋಗೆ ಬಂದರು. ಹಳೆಯ ರೆಕಾರ್ಡಿಂಗ್ ಹೇಗೂ ನಿಮ್ಮಲ್ಲಿದೆ, ಮೈಕಣ್ಣನ ಧ್ವನಿಯಲ್ಲೇ ನಮ್ಮ ಪ್ರಚಾರ ಮಾಡಿಕೊಡಿ, ಜನರಿಗೂ ಖುಷಿ ಎಂದರು. ನಾನು ಒಪ್ಪಲಿಲ್ಲ. ಈಗ ಅದೆಲ್ಲ ಆಗುತ್ತದಂತಲ್ಲ ಎಂದು ಕೆಣಕಿದರು.

"ಆತ್ತ್. ಆರೆ ನಾನ್ ಮಾಡ್ತಿಲ್ಲೆ" ಎಂದೆ.

ಬೇರೆ ಸ್ಟುಡಿಯೋಗೆ ಹೋಗುತ್ತೇನೆ ಎಂದು ಹೆದರಿಸಿದರು. ಧಾರಾಳವಾಗಿ ಹೋಗಲಿ, ಆ ರೆಕಾರ್ಡಿಂಗ್ ನನ್ನ ಬಾಗಿಲು ದಾಟುವುದಿಲ್ಲ. ಬದುಕಿದ್ದಾಗ ಒಲ್ಲೆ ಎಂದವರಿಂದ ಸತ್ತ ಮೇಲೆ ಹೂಂ ಅನ್ನಿಸುವವನು ನಾನಲ್ಲ. ಸಾರುವವರು ಬೇಕಿದ್ದರೆ ಊರಲ್ಲಿ ಉಸಿರಾಡುವ ಜನ ಬೇಕಾದಷ್ಟಿದ್ದಾರೆ. ಕರೆದು ಅವರ ಕೈಗೆ ಮೈಕ್ ಕೊಡಲಿ.