ಇಂಜಿನ್ನಿನ ಸ್ನಾನ
ಸೊರಬದ ಗದ್ದೆಗಳಿಗೆ ಔಷಧಿ ಹೊಡೆಯಲು ಶಿಕಾರಿಪುರದ ಬಯಲಲ್ಲಿ ಇಳಿದಿದ್ದ ಪುಟ್ಟ ವಿಮಾನದ ಬಳಿ ನಾನು ದಿನಗೂಲಿಗೆ ಸೇರಿದ ಬೆಳಿಗ್ಗೆ, ಮೆಕ್ಯಾನಿಕ್ ಶೇಷಪ್ಪ "ಇಂಜಿನ್ನಿಗೆ ಸ್ನಾನ ಮಾಡಿಸ್ಬೇಕು" ಅಂದದ್ದೇ ತಡ, ನಾನೆಂಬ ಬುದ್ಧಿವಂತ ಬಿಸಿನೀರು, ಸೀಗೆಪುಡಿ ಹೊತ್ತು ತಂದೆ. "ಇದೇನು ಬಾಣಂತಿಯೇನೋ? ಕಿಡಿ ಹುಟ್ಟೋ ಡಬ್ಬಿಗೆ ನೀರು ಹೋದ್ರೆ ವಿಮಾನ ಗದ್ದೇಲಿ ಇಳಿಯುತ್ತೆ!" ಎಂದು ಗದರಿದ ಶೇಷಪ್ಪ. ಅಂದಿನಿಂದ ಆತ ನನ್ನ ಗುರು, ಸ್ವಂತ ಮೈಗೆ ಮಾತ್ರ ನೀರು ಸೋಕಿಸದ ಗುರು. ಕೂತ ನೊಣ ಜಾರುವಷ್ಟು ಜಿಡ್ಡು ಆತನ ಕಾಲರಿಗೆ, ಇಂಜಿನ್ನಿನ ಮೇಲೆ ಚೂರು ಧೂಳು ಕಂಡರೆ ಮೂಗು ಮುರಿಯುತ್ತಾನೆ. ಇಂಜಿನ್ ತಣ್ಣಗಾಗುವವರೆಗೆ ಯಾರಿಗೂ ಮುಟ್ಟಗೊಡುವುದಿಲ್ಲ. ಇಂಜಿನ್ ತೊಳೆಯುವ ಸೀಮೆಎಣ್ಣೆಯ ಡಬ್ಬ ಬರುವ ಮೊದಲೇ ಎಲ್ಲರ ಬೀಡಿ ಕಿತ್ತುಕೊಳ್ಳುತ್ತಾನೆ, ಆಮೇಲೆ ದೂರ ಹೋಗಿ ತಾನೇ ಸೇದುತ್ತಾನೆ. ಹೆಂಡತಿ ತುಂಗಮ್ಮನ ಕೆಂಪು ಸೀರೆಯ ಚೂರುಗಳನ್ನು ಕಿಡಿ ಡಬ್ಬಿಗೆ ಸುತ್ತಿ, ಇಂಜಿನ್ ಗಾಳಿ ಎಳೆಯುವ ಬಾಯಿಗೂ ಎಣ್ಣೆ ಒಳಹೋಗದಂತೆ ತುರುಕಿ, ಬ್ರಷ್ಷಿನಿಂದ ಉಜ್ಜುತ್ತಾ, "ಇಂಥ ಕೈ ಇಡೀ ಮೈಸೂರು ರಾಜ್ಯದಲ್ಲಿಲ್ಲ" ಎಂದು ಕೊಚ್ಚಿಕೊಳ್ಳುತ್ತಾನೆ. ಪೈಲಟ್ ಬಂದು "ಇನ್ನೂ ಆಗಿಲ್ವೇನ್ರೀ?" ಅಂದರೆ, "ಇದು ನಿಮ್ಮ ಮುಖ ಅಲ್ಲ ಸ್ವಾಮಿ, ಚಿಮುಕಿಸಿ ಒರೆಸೋಕೆ" ಅನ್ನುತ್ತಾನೆ. ಎಣ್ಣೆ ಪೂರ್ತಿ ಆರಿದ ಮೇಲೆಯೇ ಇಂಜಿನ್ ಚಾಲೂ ಮಾಡಲು ಅಪ್ಪಣೆ. ಆದರೆ ವಿಮಾನ ಮೇಲೇರಿತೋ, ಈ ಮಹಾಶಯ, ಬಿಚ್ಚಿ ತಂದ ಸೀರೆಯ ಚೂರುಗಳನ್ನು ಹುಲ್ಲಿನ ಮೇಲೆ ಹರಡಿ, ಒಂದಕ್ಕೊಂದು ಜೋಡಿಸಿ, ಯಾವುದಾದರೂ ಇಂಜಿನ್ನಿನ ಬಾಯಲ್ಲೇ ಉಳಿಯಿತೇ ಎಂದು ಮತ್ತೆ ಮತ್ತೆ ನೋಡುತ್ತಾನೆ. ವಿಮಾನ ಇಳಿಯುವವರೆಗೆ ಕೂರುವುದಿಲ್ಲ, ಚಹಾ ಮುಟ್ಟುವುದಿಲ್ಲ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: "ಅಲ್ರೀ ಶೇಷಪ್ನೋರೇ, ನಿಮ್ಮ ಕೈ ಮೇಲೆ ನಿಮಗೇ ನಂಬಿಕೆ ಇಲ್ವಾ?" ಆಕಾಶದಿಂದ ಕಣ್ಣು ಕೀಳದೆಯೇ ಹೇಳಿದ: "ಇಲ್ಲ ಕಣೋ. ನಾನು ತಪ್ಪಿದ್ರೆ ಬೀಳೋನು ಅವನು."