ಬೆಚ್ಚಗಿದ್ದ ಬೀಜದ ಮುಡಿ

ನಗುವವರು ನಗಲಿ. ನಮ್ಮ ಯಜಮಾನರೂ ನಗುತ್ತಾರೆ. ಆದರೆ ಆ ರಾತ್ರಿ ಅದರ ಮೇಲೆ ಕೈ ಇಟ್ಟವಳು ನಾನು. ಆ ಬಿಸಿ ನನ್ನ ಅಂಗೈಗೆ ಗೊತ್ತು.

ನಾವಿರುವುದು ಜೀವನ್ ಬಿಮಾ ನಗರದಲ್ಲಿ, ಎರಡನೇ ಮಹಡಿ. ನನ್ನ ತವರು ಕುಂದಾಪುರದ ಕಡೆ, ಹೊಳೆ ಕಡಲು ಸೇರುವಲ್ಲಿಗೆ ಹತ್ತಿರದ ಊರು. ಅಲ್ಲಿ ನನಗೂ ತಮ್ಮ ಸದಾನಂದನಿಗೂ ಜಂಟಿಯಾಗಿ ಮೂರು ಗದ್ದೆಗಳಿವೆ. ಸುತ್ತಲಿನ ಗದ್ದೆಗಳಿಗೆಲ್ಲ ಕೆಂಪು ಮಣ್ಣು ಸುರಿದು ಸೈಟು ಮಾಡಿದ್ದಾರೆ. ನಮ್ಮದನ್ನೂ ಕೊಟ್ಟುಬಿಡೋಣ ಎಂದು ಕಳೆದ ಮೇ ತಿಂಗಳಲ್ಲಿ ಸದಾನಂದ ಕಾಗದಪತ್ರ ಹಿಡಿದು ಬಂದ. ನನ್ನ ಸಹಿಯೊಂದೇ ಬಾಕಿ.

"ಬೇಸಾಯ ಮಾಡುವವರೇ ಇಲ್ಲ ಅಕ್ಕ. ದೊಡ್ಡಪ್ಪ ತೀರಿಕೊಂಡು ನಾಲ್ಕು ವರ್ಷ ಆಯ್ತು, ಅಲ್ಲಿಂದ ಬರೀ ಹುಲ್ಲು" ಎಂದ.

ಜೊತೆಗೆ ಒಂದು ಬೀಜದ ಮುಡಿ ತಂದಿದ್ದ. ಬಿತ್ತನೆಯ ಭತ್ತವನ್ನು ಒಣಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಿಂದ ಬಿಗಿದು, ಬಡಿದು ಬಡಿದು ಗುಂಡಗೆ ಮಾಡಿದ ಮೂಟೆ. "ದೊಡ್ಡಪ್ಪ ಕಟ್ಟಿದ ಕಡೇ ಮುಡಿ. ನೆನಪಿಗೆ ಇಟ್ಕೋ."

ನಮ್ಮ ಯಜಮಾನರು ಹಲಸೂರಿನವರು. "ಮೀನು ತರ್ತಾನೆ ಅಂದ್ಕೊಂಡಿದ್ದೆ, ಹುಲ್ಲಿನ ಫುಟ್‌ಬಾಲ್ ತಂದಿದಾನಲ್ಲೇ ನಿನ್ ತಮ್ಮ" ಎಂದು ಮಲಗಲು ಹೋದರು.

ನಾನು ಮುಡಿಯನ್ನು ತಿರುಗಿಸಿ ನೋಡಿದೆ. ದೊಡ್ಡಪ್ಪ ಎಡಚರು, ಅವರು ಹೊಸೆದ ಹಗ್ಗದ ಸುತ್ತು ಉಳಿದವರದಕ್ಕಿಂತ ಉಲ್ಟಾ. ಇದೂ ಹಾಗೇ ಇತ್ತು. ಆದರೆ ಹುಲ್ಲು... ನಾಲ್ಕು ವರ್ಷ ಅಟ್ಟದಲ್ಲಿ ಹೊಗೆ ಕುಡಿದ ಹುಲ್ಲು ಕಂದಾಗಿರಬೇಕು. ಇದು ಹೊಂಬಣ್ಣ.

ಬೆಳಿಗ್ಗೆ ಸಹಿ ಹಾಕುತ್ತೇನೆ ಎಂದೆ. ಮುಡಿಯನ್ನು ಯುಟಿಲಿಟಿಯಲ್ಲಿ ಸ್ಟೂಲಿನ ಮೇಲಿಟ್ಟು ದೋಸೆಗೆ ರುಬ್ಬಲು ಹಾಕಿದೆ.

ಕರೆಂಟು ಹೋಯಿತು. ಗ್ರೈಂಡರಿನ ಗಡಗಡ ನಿಂತ ಮೇಲೆ ಕೇಳಿಸಿತು...

ಚಿಟ್... ಚಿಟ್... ಚಿಟ್...

ಹಿಂದೆಯೇ ವಾಸನೆ. ಸಿಹಿಯೂ ಹುಳಿಯೂ ಬೆರೆತ, ಕೆಸರಿನ ವಾಸನೆ. ಅದು ನನಗೆ ಚೆನ್ನಾಗಿ ಗೊತ್ತು. ಬಿತ್ತನೆಗೆ ಮೊದಲು ಮುಡಿಯನ್ನು ಇಡಿಯಾಗಿ ಕೆರೆಯಲ್ಲಿ ನೆನೆಸಿ, ತೆಗೆದು, ಮೇಲೆ ಕಲ್ಲು ಹೇರಿ ಇಡುತ್ತಿದ್ದರು. ಒಳಗೆ ಮೊಳಕೆ ಒಡೆಯುವಾಗ ಮುಡಿ ಬಿಸಿಯಾಗುತ್ತದೆ. ಮಳೆಯಲ್ಲಿ ತೊಯ್ದು ಬಂದ ನಾನೂ ತಮ್ಮನೂ ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದೆವು.

ಕತ್ತಲಲ್ಲೇ ಕೈ ಇಟ್ಟೆ. ಜ್ವರ ಬಂದ ಮಗುವಿನ ಹಣೆಯಂತಿತ್ತು. ಹುಲ್ಲು ಮಾತ್ರ ಗರಿಗರಿ ಒಣ. ಒಂದು ಹನಿ ನೀರು ತಾಗಿಲ್ಲ.

ನಿಜ ಹೇಳಬೇಕೆಂದರೆ ಮೊದಲು ಭಯವಾಗಲಿಲ್ಲ, ಅನುಮಾನವಾಯಿತು. ನಾಲ್ಕು ವರ್ಷದ ಭತ್ತ ಮೊಳೆಯುವುದಿಲ್ಲ. ಹಾಗಾದರೆ ಇದು ಹೊಸ ಭತ್ತ. ನಮ್ಮ ಗದ್ದೆಯಲ್ಲಿ ಯಾರೋ ಬೆಳೆಯುತ್ತಿದ್ದಾರೆ. ನನಗೆ ತಿಳಿಯುವ ಮೊದಲೇ ಇವನಿಗೆ ಸಹಿ ಬೇಕು.

ಹಾಲ್‌ನಲ್ಲಿ ಮಲಗಿದ್ದ ತಮ್ಮನನ್ನು ಅಲುಗಾಡಿಸಿದೆ.

"ಸದಾ, ಗದ್ದೆ ಯಾರಿಗೆ ಗೇಣಿಗೆ ಕೊಟ್ಟಿದೀಯ?"

"ಎಂತ ಅಕ್ಕ, ಈ ಹೊತ್ತಲ್ಲಿ..."

"ಸುಳ್ಳು ಹೇಳ್ಬೇಡ. ಬಾ ಇಲ್ಲಿ."

ಅವನ ಕೈ ಹಿಡಿದು ಮುಡಿಯ ಮೇಲಿಟ್ಟೆ. ಕೈ ಸುಟ್ಟುಕೊಂಡವನಂತೆ ಕಿತ್ತುಕೊಂಡ. ಅಲ್ಲೇ ನೆಲಕ್ಕೆ ಕೂತ.

"ಯಾರಿಗೂ ಕೊಡ್ಲಿಲ್ಲ" ಎಂದ ಪಿಸುದನಿಯಲ್ಲಿ. "ದೀಪಾವಳಿ ಹೊತ್ತಿಗೆ ಅಳತೆಯವರನ್ನು ಕರ್ಕೊಂಡು ಹೋದೆ. ನಡು ಗದ್ದೆಯಲ್ಲಿ ಪೈರು ನಿಂತಿತ್ತು ಮಾರಾಯ್ತಿ, ಕೊಯ್ಲಿಗೆ ಬಂದ ಪೈರು. ಊರಿಡೀ ಕೇಳಿದೆ. ನಾವು ಬಿತ್ತಿದ್ದಲ್ಲ ಅಂದ್ರು ಎಲ್ರೂ."

"ಆಮೇಲೆ?"

"ಕೊಯ್ಸಿದೆ. ಭತ್ತವನ್ನು ಪ್ಲಾಸ್ಟಿಕ್ ಚೀಲಕ್ಕೆ ನಾನೇ ತುಂಬಿಸಿದ್ದು. ಮರುದಿನ ನೋಡಿದ್ರೆ ಚೀಲ ಖಾಲಿ... ಜಗಲಿ ಮೇಲೆ ಇದು ಇತ್ತು."

"ಅದನ್ನ ನನ್ನ ಮನೆಗೆ ಯಾಕೋ ತಂದೆ?"

"ನನ್ನ ಮನೆಯಲ್ಲಿ ಇಟ್ಕೊಳ್ಳಲಿಕ್ಕೆ ಧೈರ್ಯ ಬರ್ಲಿಲ್ಲ ಅಕ್ಕ."

ಕರೆಂಟು ಬಂತು. ಗ್ರೈಂಡರ್ ತಾನಾಗಿ ತಿರುಗಿತು, ಇಬ್ಬರೂ ಬೆಚ್ಚಿಬಿದ್ದೆವು. ಅದನ್ನು ಆರಿಸಿ ಕಿವಿಗೊಟ್ಟರೆ ಚಿಟಪಟ ಇಲ್ಲ. ಮುಡಿ ತಣ್ಣಗಿತ್ತು.

ಬೆಳಿಗ್ಗೆ ಯಜಮಾನರು ಅದನ್ನು ತಟ್ಟಿ ನೋಡಿ, "ಪಕ್ಕದಲ್ಲೇ ವಾಷಿಂಗ್ ಮೆಷಿನ್ ಇದೆಯಲ್ಲ, ಅದರ ಬಿಸಿ ತಾಗಿರುತ್ತೆ ಬಿಡು" ಎಂದರು. ಹಿಂದಿನ ದಿನ ಮೆಷಿನ್ ಹಾಕಿಯೇ ಇರಲಿಲ್ಲ.

ನಾನು ಸಹಿ ಹಾಕಲಿಲ್ಲ. ಸದಾನಂದ ಕಾಗದ ಮಡಚಿ ಬ್ಯಾಗಿಗೆ ಸೇರಿಸಿದ. "ಸಹಿ ಬೇಡಾಂದ್ರೆ ಬೇಡ. ಅದನ್ನು ಮಾತ್ರ ವಾಪಸ್ ಕೊಡ್ಬೇಡ" ಎಂದು ಚಪ್ಪಲಿ ಮೆಟ್ಟಿದ.

ಜೂನ್ ತಿಂಗಳು, ಕರಾವಳಿಗೆ ಮಳೆ ಹಿಡಿದ ವಾರ ಅವನ ಫೋನು ಬಂತು.

"ಅಕ್ಕ, ನಡು ಗದ್ದೆಯನ್ನು ಉತ್ತು ಹದ ಮಾಡಿ ಇಟ್ಟಿದ್ದಾರೆ. ನೀನು ಯಾರಿಗಾದ್ರೂ ಹೇಳಿದ್ಯಾ? ನನಗೆ ಗೊತ್ತಾಗದ ಹಾಗೆ..."

"ಇಲ್ಲ" ಎಂದೆ.

ಅವನು ನಂಬಲಿಲ್ಲ, ಆಚೆಯ ಉಸಿರಿನಲ್ಲೇ ತಿಳಿಯಿತು. ಅವನ ಮಾತನ್ನು ನಾನೂ ಪೂರ್ತಿ ನಂಬಿಲ್ಲ. ಅವನು ಸುಳ್ಳೇ ಹೇಳುತ್ತಿದ್ದಾನೆ ಎಂದುಕೊಂಡ ರಾತ್ರಿಗಳಲ್ಲಿ ಮಾತ್ರ ನನಗೆ ನಿದ್ರೆ ಬರುತ್ತದೆ.